ಓದುಗರ ಪ್ರಶ್ನೆ: 1932ರ ಫೋರ್ಡು, ಇವತ್ತಿನ ಇಂಜಿನ್ನು

ಹೋದ ಸಂಚಿಕೇಲಿ ಟಾಪೂ ಇಲ್ಲದ, ಮಡ್‌ಗಾರ್ಡೂ ಇಲ್ಲದ ಒಂದು ಕೆಂಪು 1932ರ ಫೋರ್ಡ್ ರೋಡ್‌ಸ್ಟರ್ (ಎರಡು ಸೀಟಿನ ಓಪನ್ ಕಾರು) ಫೋಟೋ ಹಾಕಿ ಕೆಳಗೆ ಬರೀ 'ಸ್ಟ್ರೀಟ್ ರಾಡ್' ಅಂತ ಬರ್ದಿದ್ವಿ. ಅದರ ಬಗ್ಗೆ ಬಂದ ಪತ್ರಗಳೇ ಈ ಸಲ ಅಂಕಣ ಪೂರ್ತಿ ತುಂಬ್ಕೊಂಡಿವೆ, ಬೇರೆ ಪ್ರಶ್ನೆ ಕಳ್ಸಿದವ್ರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯ್ಬೇಕು.

ಪ್ರಶ್ನೆ (ಪ್ಲೆಸೆಂಟನ್, ಕ್ಯಾಲಿಫೋರ್ನಿಯಾದಿಂದ ಒಬ್ಬ ಓದುಗರು): ನಾವು ದಾವಣಗೆರೆ ಕಡೆಯವ್ರು. ಇಲ್ಲಿ ಮನೆ ಹತ್ರಾನೇ ಅಲಮೀಡಾ ಕೌಂಟಿ ಫೇರ್‌ಗ್ರೌಂಡ್ಸ್‌ನಲ್ಲಿ ಗುಡ್‌ಗೈಸ್ ಅವರ ಕಾರ್ ಶೋ ಆಗತ್ತೆ, ಊರಿಂದ ಬಂದಿದ್ದ ಅಪ್ಪನ್ನ ಕರ್ಕೊಂಡು ಹೋಗಿದ್ದೆ. ನೀವು ಹಾಕಿದ್ರಲ್ಲ ಅಂಥದ್ದೇ ಗಾಡಿ ಸಾಲು ಸಾಲು ನಿಂತಿದ್ವು, ಬಾನೆಟ್ ತೆಗೆದ್ರೆ ಒಳಗೆ ಶೆವ್ರೊಲೆ ಇಂಜಿನ್ನು, ಆಟೋಮ್ಯಾಟಿಕ್ ಗೇರು, ಒಂದ್ರಲ್ಲಿ ಏಸಿ ಕೂಡ. ಅಪ್ಪ "ಇದು ಹಳೇ ಕಾರೋ ಹೊಸ ಕಾರೋ" ಅಂತ ಕೇಳಿದ್ರು, ನನಗೆ ಹೇಳೋಕೆ ಬರ್ಲಿಲ್ಲ.

ಉತ್ತರ: ನಿಮ್ಮಪ್ಪ ಸರಿಯಾದ ಪ್ರಶ್ನೆ ಕೇಳಿದಾರೆ, ಅದು ಎರಡೂ ಹೌದು, ಇಂಥದ್ದಕ್ಕೇ ಸ್ಟ್ರೀಟ್ ರಾಡ್, ಚಿಕ್ಕದಾಗಿ ರಾಡ್ ಅನ್ನೋದು. ಬಾಡಿ, ಆಕಾರ 1948 ಅಥವಾ ಅದಕ್ಕಿಂತ ಹಳೇ ಮಾಡೆಲ್‌ದು, ಇಂಜಿನ್ನು ಬ್ರೇಕು ಸ್ಟೀರಿಂಗು ವೈರಿಂಗು ಸೀಟು ಎಲ್ಲ ಆಮೇಲಿನ ಕಾಲದ್ದು, ಟ್ರೇಲರ್ ಮೇಲೆ ಹೊತ್ಕೊಂಡು ಹೋಗೋಕಲ್ಲ, ಹತ್ತಿ ನಾನ್ನೂರು ಮೈಲಿ ಓಡಿಸೋಕೆ ಅಂತಾನೇ ಕಟ್ಟಿರ್ತಾರೆ. ಹಳೇ ತೊಟ್ಟಿ ಮನೆಯ ಕಂಬ, ಜಗಲಿ ಹಾಗೇ ಬಿಟ್ಟು ಒಳಗೆ ಹೊಸ ಪೈಪು ವೈರು ಹಾಕಿಸಿ ಸಂಸಾರ ಮಾಡೋ ಹಾಗೆ. ವಿಂಟೇಜ್ ಕಾರ್ ರಿಸ್ಟೋರ್ ಮಾಡೋವ್ರು ಫ್ಯಾಕ್ಟರಿ ಗೇಟಿಂದ ಈಚೆ ಬಂದ ದಿನ ಹೆಂಗಿತ್ತೋ ಅಲ್ಲಿಗೆ ವಾಪಸ್ ಹೋಗೋಕೆ ನೋಡ್ತಾರೆ, ರಾಡ್ ಕಟ್ಟೋವ್ರು ಆ ಗಾಡಿ ಹೆಂಗಿರ್ಬಹುದಿತ್ತು ಅಂತ ನೋಡ್ತಾರೆ. ನನ್ನ ಮಟ್ಟಿಗೆ ಎರಡೂ ದೊಡ್ಡ ಕೆಲಸ, ಒಂದನ್ನ ಹೊಗಳೋಕೆ ಇನ್ನೊಂದನ್ನ ಬೈಬೇಕಾಗಿಲ್ಲ.

ಇದು ಹುಟ್ಟಿದ್ದು ನಿಮ್ಮ ಕ್ಯಾಲಿಫೋರ್ನಿಯಾದಲ್ಲೇ, ಆದ್ರೆ ದಕ್ಷಿಣ ಭಾಗದಲ್ಲಿ. ಲಾಸ್ ಏಂಜಲೀಸ್‌ನಿಂದ ಬೆಟ್ಟ ದಾಟಿದ್ರೆ ಮೊಹಾವಿ ಮರುಭೂಮಿ, ಅಲ್ಲಿ ಮ್ಯುರಾಕ್, ಎಲ್ ಮಿರಾಜ್ ಅಂತ ಒಣಗಿದ ಕೆರೆಗಳು, ನೆಲ ಗಟ್ಟಿ, ಮೈಲಿಗಟ್ಟಲೆ ಚಪ್ಪಟೆ, ಒಂದು ಮರ ಕೂಡ ಅಡ್ಡ ಇಲ್ಲ. 1930ರ ದಶಕದಲ್ಲಿ ಕೈಲಿ ಕಾಸಿಲ್ಲದ ಹುಡುಗ್ರು ಸೆಕೆಂಡ್ ಹ್ಯಾಂಡ್ ಫೋರ್ಡ್ ತಗೊಂಡು, ಮಡ್‌ಗಾರ್ಡು, ಬಂಪರು, ಟಾಪು, ಗ್ಲಾಸು ಎಲ್ಲ ಬಿಚ್ಚಿ ಭಾರ ಇಳಿಸಿ ಆ ಕೆರೆಯಂಗಳದಲ್ಲಿ ಸ್ಪೀಡ್ ಹೊಡೀತಿದ್ರು, ಸಂಜೆ ಅದೇ ಗಾಡೀಲಿ ಮನೆಗೆ ಬರ್ತಿದ್ರು. ಕ್ಲಬ್ಬುಗಳೆಲ್ಲ ಸೇರಿ 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಅಂತ ಮಾಡ್ಕೊಂಡ್ರು. ಯುದ್ಧ ಮುಗಿದ್ಮೇಲೆ ಜೋರಾಯ್ತು, ಯಾಕಂದ್ರೆ ಸೇನೆಯಿಂದ ವಾಪಸ್ ಬಂದ ಹುಡುಗ್ರಿಗೆ ವೆಲ್ಡಿಂಗು, ಲೇತು, ವಿಮಾನದ ಇಂಜಿನ್ ರಿಪೇರಿ ಎಲ್ಲ ಗೊತ್ತಿತ್ತು. ಮ್ಯುರಾಕ್ ಮಾತ್ರ ಆಗ್ಲೇ ಸೇನೆಯ ಪಾಲಾಗಿತ್ತು, ಈಗಿನ ಎಡ್ವರ್ಡ್ಸ್ ಏರ್‌ಫೋರ್ಸ್ ಬೇಸ್ ಅದೇ ಜಾಗ. 1949ರಿಂದ ಯೂಟಾದ ಬಾನವಿಲ್ ಉಪ್ಪಿನ ಬಯಲಲ್ಲೂ ಸ್ಪೀಡ್ ವೀಕ್ ಶುರುವಾಯ್ತು.

ಆಮೇಲೆ 60ರ ದಶಕದಲ್ಲಿ ಶೋರೂಮಿಗೆ ಹೋದ್ರೆ ದುಡ್ಡು ಕೊಟ್ಟು ಅದಕ್ಕಿಂತ ಜೋರಾಗಿ ಓಡೋ ಹೊಸ ಕಾರೇ ಸಿಗ್ತಿತ್ತು, ಸ್ಪೀಡ್‌ಗೋಸ್ಕರ ಹಳೇ ರೋಡ್‌ಸ್ಟರ್ ಬೇಕಾಗಿರ್ಲಿಲ್ಲ. ಆದ್ರೂ ಬಿಡೋಕೆ ಮನಸ್ಸಾಗ್ಲಿಲ್ಲ ನೋಡಿ, ರೇಸಿಗೆ ಅಂತ ಕಟ್ತಿದ್ದದ್ದನ್ನ ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು ಊರೂರು ಸುತ್ತೋಕೆ ಕಟ್ಟೋದು ಶುರುವಾಯ್ತು, 1970ರಲ್ಲಿ ಇಲಿನಾಯ್‌ನ ಪಿಯೋರಿಯಾದಲ್ಲಿ ಇಂಥವರದ್ದೇ ಮೊದಲ ರಾಷ್ಟ್ರ ಮಟ್ಟದ ಮೇಳ, ಸ್ಟ್ರೀಟ್ ರಾಡ್ ನ್ಯಾಷನಲ್ಸ್, ನಡೀತು. ನೀವು ಫೇರ್‌ಗ್ರೌಂಡ್ಸ್‌ನಲ್ಲಿ ನೋಡಿದ್ದು ಆ ವಂಶದ್ದು.

ಪ್ರಶ್ನೆ (ಮೈಸೂರು): ಅಮೆರಿಕಾದಲ್ಲಿ ಅಷ್ಟೊಂದು ಕಂಪನಿ, ಅಷ್ಟೊಂದು ಮಾಡೆಲ್ ಇದ್ವು, ಎಲ್ರೂ ಈ 1932ರ ಫೋರ್ಡ್ ಹಿಂದೇನೇ ಯಾಕೆ ಬಿದ್ದಿದಾರೆ?

ಉತ್ತರ: ಮೊದಲನೇದು ಇಂಜಿನ್ನು. 1932ರ ಮಾರ್ಚ್ ಕೊನೇಲಿ ಫೋರ್ಡ್ ತನ್ನ ವಿ8 (ವಿ ಆಕಾರದಲ್ಲಿ ಎರಡು ಸಾಲು, ಒಟ್ಟು ಎಂಟು ಸಿಲಿಂಡರ್) ತಂತು, ಅಲ್ಲೀವರೆಗೆ ಎಂಟು ಸಿಲಿಂಡರ್ ಅಂದ್ರೆ ಶ್ರೀಮಂತರ ಕಾರು. ಎರಡೂ ಸಾಲು ಸಿಲಿಂಡರ್ ಮತ್ತೆ ಕ್ರ್ಯಾಂಕ್‌ಕೇಸ್ ಸೇರಿಸಿ ಇಡೀ ಬ್ಲಾಕನ್ನ ಒಂದೇ ಎರಕದಲ್ಲಿ ಹೊಯ್ಯೋದನ್ನ ಫೋರ್ಡ್ ಫೌಂಡ್ರಿ ಅಷ್ಟು ದೊಡ್ಡ ಸಂಖ್ಯೇಲಿ ಸಾಧಿಸ್ತು, ಅದ್ರಿಂದಲೇ ಬೆಲೆ ಇಳೀತು. 221 ಕ್ಯೂಬಿಕ್ ಇಂಚು, ಅಂದ್ರೆ 3.6 ಲೀಟರ್, 65 ಹಾರ್ಸ್‌ಪವರ್. ಇವತ್ತಿಗೆ ಕಮ್ಮಿ ಅನ್ಸತ್ತೆ, ಆದ್ರೆ ಅದರ ಹಿಂದಿನ ಮಾಡೆಲ್ ಎ ಗಾಡಿದು ನಾಲ್ಕು ಸಿಲಿಂಡರು, 40 ಹಾರ್ಸ್‌ಪವರ್ ಅಷ್ಟೇ, ಮತ್ತೆ ಈ ರೋಡ್‌ಸ್ಟರ್ ಬಾಡಿ ತುಂಬಾ ಹಗುರ.

ಎರಡನೇದು ಲೋಹ. ಆ ಕಾಲದ ಶೆವ್ರೊಲೆ ಬಾಡಿಗಳ ಒಳಗೆ ಮರದ ಚೌಕಟ್ಟು ಜಾಸ್ತಿ ಇರ್ತಿತ್ತು, ವರ್ಷ ಕಳೆದ ಹಾಗೆ ಮರ ಕೊಳೆತು ಬಾಗ್ಲು ಜೋತು ಬೀಳ್ತಿತ್ತು, ಫೋರ್ಡ್‌ನಲ್ಲಿ ಉಕ್ಕು ಜಾಸ್ತಿ, ಹಾಗಾಗಿ ಉಳ್ಕೊಂಡ್ವು. ಮೂರನೇದು ರೂಪ, ಇದನ್ನ ವಾದ ಮಾಡಿ ಒಪ್ಪಿಸೋಕಾಗಲ್ಲ, ನಿಂತ್ಕೊಂಡು ನೋಡ್ಬೇಕು. ಆ ಗ್ರಿಲ್ ಶೆಲ್ಲು (ರೇಡಿಯೇಟರ್ ಮುಂದಿನ ಚೌಕಟ್ಟು), ಫ್ರೇಮಿನ ಪಕ್ಕದಲ್ಲಿ ಉದ್ದಕ್ಕೂ ಒತ್ತಿರೋ ಗೆರೆ, ಇವು ಆ ಒಂದೇ ವರ್ಷದ ಗಾಡೀಲಿ ಇದ್ದದ್ದು, 1933ಕ್ಕೆ ಬಾಡಿನೇ ಬದಲಾಯ್ತು. ಮಡ್‌ಗಾರ್ಡ್ ಬಿಚ್ಚಿದ್ರೂ 1932ರ ಫ್ರೇಮ್ ನೋಡೋಕೆ ಚೆನ್ನಾಗೇ ಇರತ್ತೆ, ಉಳಿದ ಎಷ್ಟೋ ಗಾಡಿಗಳ ಫ್ರೇಮ್ ಮುಚ್ಚಿಟ್ರೇನೇ ವಾಸಿ. ಮಡ್‌ಗಾರ್ಡ್ ಇಲ್ಲದೆ ಬಾಡಿಯನ್ನ ಫ್ರೇಮಿನ ಮೇಲೇ ಎತ್ತರವಾಗಿ ಕೂರಿಸಿದ್ದಕ್ಕೆ ಹೈಬಾಯ್ ಅಂತಾರೆ, ನಮ್ಮ ಫೋಟೋದಲ್ಲಿದ್ದದ್ದು ಅದೇ.

ಪ್ರಶ್ನೆ (ತುಮಕೂರು): ಹಳೇ ಕಾರು ಕೆಡಿಸೋ ಇವರಿಗೆ ನಿಜವಾದ ವಿಂಟೇಜ್ ಕಾರಿನವರು ಮರ್ಯಾದೆ ಕೊಡ್ತಾರಾ?

ಉತ್ತರ: ಬಹಳ ವರ್ಷ ಕೊಡ್ಲಿಲ್ಲ, ಈಗ ಕೊಡ್ತಾರೆ. ರಾಡ್‌ನವರಿಗೆ ಅವರದ್ದೇ ದೊಡ್ಡ ಗೌರವ ಅಂದ್ರೆ ಅಮೆರಿಕಾಸ್ ಮೋಸ್ಟ್ ಬ್ಯೂಟಿಫುಲ್ ರೋಡ್‌ಸ್ಟರ್ ಪ್ರಶಸ್ತಿ, ಓಕ್ಲೆಂಡ್‌ನಲ್ಲಿ 1950ರಲ್ಲಿ ಶುರುವಾಗಿದ್ದು, ಈಗ ಪೊಮೋನಾದಲ್ಲಿ ನಡೆಯೋ ಗ್ರ್ಯಾಂಡ್ ನ್ಯಾಷನಲ್ ರೋಡ್‌ಸ್ಟರ್ ಶೋನಲ್ಲಿ ಕೊಡ್ತಾರೆ, ಮೊದಲು ಗೆದ್ದದ್ದು 1929ರ ಫೋರ್ಡ್ ರೋಡ್‌ಸ್ಟರ್. ಆದ್ರೆ ರೋಲ್ಸ್ ರಾಯ್ಸು, ಬುಗಾಟಿ ನಿಲ್ಸೋ ಪೆಬಲ್ ಬೀಚ್ ಕಾಂಕೂರ್ ಅನ್ನೋ ವಿಂಟೇಜ್ ಕಾರ್ ಸ್ಪರ್ಧೇಲಿ 1997ರಲ್ಲಿ ಮೊದಲ ಸಲ ಹಾಟ್ ರಾಡ್‌ಗಳಿಗೆ (ಸ್ಪೀಡ್‌ಗೋಸ್ಕರ ಹೀಗೆ ಬದಲಾಯಿಸಿದ ಹಳೇ ಗಾಡಿಗಳಿಗೆ) ಅಂತ ಒಂದು ವಿಭಾಗ ಇಟ್ರು, ಅದ್ರಲ್ಲಿ ಗೆದ್ದದ್ದು ಡೋನ್ ಸ್ಪೆನ್ಸರ್ ಅನ್ನೋರು 1940ರ ದಶಕದಲ್ಲಿ ಕಟ್ಟಿದ 1932ರ ರೋಡ್‌ಸ್ಟರ್. ಇದ್ರಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಏನಂದ್ರೆ, ಆ ಗಾಡಿನ ರಿಸ್ಟೋರ್ ಮಾಡ್ದಾಗ ಫೋರ್ಡ್ ಫ್ಯಾಕ್ಟರಿ ರೂಪಕ್ಕೆ ತರ್ಲಿಲ್ಲ, ಸ್ಪೆನ್ಸರ್ ಕಟ್ಟಿದ ರೂಪಕ್ಕೆ ತಂದ್ರು. ಅವರ ಕೈಕೆಲಸವೇ ಈಗ ಉಳಿಸ್ಬೇಕಾದ ಇತಿಹಾಸ. 'ಕೆಡಿಸೋದು' ಅನ್ನೋಕೆ ಮುಂಚೆ ಯಾರು, ಯಾವ ಗಾಡಿನ, ಎಷ್ಟು ಕಾಳಜಿಯಿಂದ ಮುಟ್ಟಿದಾರೆ ಅಂತ ನೋಡ್ಬೇಕು.

ಪ್ರಶ್ನೆ (ಹುಬ್ಬಳ್ಳಿ): ನಮಸ್ಕಾರ್ರಿ ಸರ್, ನಾ ಇಲ್ಲೆ ಗ್ಯಾರೇಜ್ ನಡಸ್ತೀನ್ರಿ. ಪೇಂಟು, ಮಿಂಚೋದು ಬಿಡ್ರಿ, ಕೆಳಗ ಮಲ್ಕೊಂಡು ನೋಡಿದ್ರ ಏನೇನ್ ಬದ್ಲಿ ಮಾಡಿರ್ತಾರ ಅದನ್ನ ಹೇಳ್ರಿ.

ಉತ್ತರ: ಇಂಥ ಪ್ರಶ್ನೆಗೇ ಕಾಯ್ತಿದ್ದೆ. ಮೊದಲು ಫ್ರೇಮು. 1932ರ ಮೂಲ ಫ್ರೇಮಿನ ಉದ್ದದ ರೈಲುಗಳು ಒಂದು ಕಡೆ ತೆರೆದಿರೋ ಸಿ ಚಾನೆಲ್ಲು, 65 ಹಾರ್ಸ್‌ಪವರ್‌ಗೆ ಸಾಕಾಗಿತ್ತು. ಈಗ 300 ಹಾರ್ಸ್‌ಪವರ್ ಇಂಜಿನ್ ಇಟ್ರೆ ತಿರುಚಿಕೊಳ್ಳತ್ತೆ, ಅದಕ್ಕೆ ತೆರೆದ ಬದಿಗೆ ಪ್ಲೇಟ್ ವೆಲ್ಡ್ ಮಾಡಿ ಡಬ್ಬಿ ಮಾಡ್ತಾರೆ, ಬಾಕ್ಸಿಂಗ್ ಅಂತಾರೆ. ಉದ್ದಕ್ಕೆ ಒಂದೇ ಸಲ ವೆಲ್ಡ್ ಎಳೆದ್ರೆ ಶಾಖಕ್ಕೆ ರೈಲು ಬಾಗಿ ಹೋಗತ್ತೆ ಅನ್ನೋದು ನಿಮಗೆ ಹೇಳೋದೇ ಬೇಡ, ಜಿಗ್‌ನಲ್ಲಿ ಬಿಗಿದು ಅಲ್ಲಲ್ಲಿ ಇಂಚಿಂಚು ಹಾಕ್ಕೊಂಡು ಹೋಗ್ತಾರೆ.

ಇಂಜಿನ್ನು ಬಹಳ ಸಲ ಶೆವ್ರೊಲೆ ಸ್ಮಾಲ್ ಬ್ಲಾಕ್ ವಿ8, 1955ರಲ್ಲಿ 265 ಕ್ಯೂಬಿಕ್ ಇಂಚಿಂದ ಶುರುವಾದ ಸಂಸಾರ, ಅದ್ರಲ್ಲಿ 350 ಕ್ಯೂಬಿಕ್ ಇಂಚಿಂದು, ಅಂದ್ರೆ 5.7 ಲೀಟರು, ಜಾಸ್ತಿ ಕಾಣತ್ತೆ. ಫೋರ್ಡ್ ಒಳಗೆ ಶೆವ್ರೊಲೆ ಇಡೋದಾ ಅಂತ ಅಲ್ಲಿ ಇವತ್ತಿಗೂ ಜಗಳ ಇದೆ, ಆದ್ರೆ ಅದು ಗಿಡ್ಡ, ಹಗುರ, ಎಲ್ಲಿ ಹೋದ್ರೂ ಪಾರ್ಟ್ಸ್ ಸಿಗತ್ತೆ, ಆ ಚಿಕ್ಕ ಬಾನೆಟ್ ಒಳಗೆ ಫೈರ್‌ವಾಲ್‌ಗೂ ರೇಡಿಯೇಟರ್‌ಗೂ ಮಧ್ಯೆ ಸರಿಯಾಗಿ ಕೂರತ್ತೆ. ಫೋರ್ಡ್‌ನ ಆ ಹಳೇ ವಿ8ನ್ನೇ, ಅಂದ್ರೆ ಫ್ಲಾಟ್‌ಹೆಡ್ಡನ್ನೇ ಇಟ್ಕೊಳ್ಳೋವ್ರೂ ಇದಾರೆ, ಅದರ ದೊಡ್ಡ ಕಾಟ ಬಿಸಿ, ಯಾಕಂದ್ರೆ ವಾಲ್ವು ಬ್ಲಾಕ್ ಒಳಗಿದ್ದು ಎಕ್ಸಾಸ್ಟ್ ಹೊಗೆ ಬ್ಲಾಕ್ ಒಳಗೇ ನೀರಿನ ಜಾಕೆಟ್ ಪಕ್ಕ ಸುತ್ಕೊಂಡು ಹೊರಗೆ ಬರ್ಬೇಕು, ಸುಡೋ ಹೊಗೆ ಪೂರ್ತಿ ಕೂಲಂಟ್‌ನ ಕಾಯಿಸ್ಕೊಂಡೇ ಹೋಗತ್ತೆ.

ಮುಂದಿನ ಸಸ್ಪೆನ್ಷನ್ ವಿಷ್ಯಕ್ಕೆ ಬನ್ನಿ. ಮೂಲದಲ್ಲಿ ಗಟ್ಟಿ ಐ ಬೀಮ್ ಆಕ್ಸಲ್ಲು, ಅಡ್ಡಡ್ಡ ಒಂದೇ ಪಟ್ಟಾ ಸ್ಪ್ರಿಂಗು. ಮಡ್‌ಗಾರ್ಡ್ ಇರೋ ಸ್ಟ್ರೀಟ್ ರಾಡ್‌ಗಳಿಗೆ 1974ರಿಂದ 78ರವರೆಗಿನ ಫೋರ್ಡ್ ಮಸ್ಟ್ಯಾಂಗ್ 2 ಗಾಡಿಯ ಮುಂಭಾಗದ ಡಿಸೈನ್ ಹಾಕ್ತಾರೆ, ಡಬಲ್ ಆರ್ಮು, ರ‍್ಯಾಕ್ ಆಂಡ್ ಪಿನಿಯನ್, ಡಿಸ್ಕ್ ಬ್ರೇಕು ಎಲ್ಲ ಒಂದು ಚಿಕ್ಕ ಕ್ರಾಸ್‌ಮೆಂಬರ್‌ನಲ್ಲಿ ಬರತ್ತೆ. ಆದ್ರೆ ಹೈಬಾಯ್‌ನಲ್ಲಿ ಅದೆಲ್ಲ ಹೊರಗೆ ಕಾಣತ್ತಲ್ಲ, ಅಲ್ಲಿ ಅದು ಸ್ವಲ್ಪಾನೂ ಒಪ್ಪಲ್ಲ, ಅದಕ್ಕೆ ತಿಳಿದವ್ರು ಕೆಳಕ್ಕೆ ಬಾಗಿಸಿದ ಡ್ರಾಪ್ಡ್ ಆಕ್ಸಲ್ಲನ್ನೇ ಇಟ್ಟು ನಾಲ್ಕು ಸರಳುಗಳಿಂದ ಹಿಡಿಸ್ತಾರೆ. ಹಿಂದೆ ಸಾಮಾನ್ಯವಾಗಿ ಫೋರ್ಡ್‌ನ 9 ಇಂಚಿನ (ಒಳಗಿನ ರಿಂಗ್ ಗೇರ್ ಅಳತೆ) ಆಕ್ಸಲ್ಲು.

ಬ್ರೇಕಿನ ಒಂದು ಸೂಕ್ಷ್ಮ ಹೇಳ್ತೀನಿ, ನಿಮಗೆ ಉಪಯೋಗ ಆಗತ್ತೆ. 1932ರಲ್ಲಿ ಬ್ರೇಕು ಪೂರ್ತಿ ಮೆಕ್ಯಾನಿಕಲ್ಲು, ಫೋರ್ಡ್ ಹೈಡ್ರಾಲಿಕ್‌ಗೆ ಬಂದದ್ದೇ 1939ಕ್ಕೆ. ಈಗ ಡಿಸ್ಕ್ ಹಾಕ್ದಾಗ ಮಾಸ್ಟರ್ ಸಿಲಿಂಡರನ್ನ ಕಾಲಿಡೋ ಫ್ಲೋರ್ ಬೋರ್ಡ್ ಕೆಳಗೆ, ಫ್ರೇಮಿಗೆ ಕಟ್ತಾರೆ, ಅದು ಕ್ಯಾಲಿಪರ್‌ಗಿಂತ ಕೆಳಗೆ ಬಂದ್ಬಿಡತ್ತೆ. ಆಗ ಆಯಿಲ್ ನಿಧಾನಕ್ಕೆ ವಾಪಸ್ ಇಳಿದು, ಬೆಳಗ್ಗೆ ಮೊದಲ ಸಲ ಪೆಡಲ್ ಒತ್ತಿದ್ರೆ ನೆಲಕ್ಕೆ ಹೋಗತ್ತೆ. ಅದನ್ನ ತಡೆಯೋಕೆ ಲೈನ್‌ನಲ್ಲಿ ಸ್ವಲ್ಪ ಒತ್ತಡ ಹಾಗೇ ಉಳಿಸೋ ರೆಸಿಡ್ಯುಯಲ್ ವಾಲ್ವ್ ಹಾಕ್ತಾರೆ, ಡಿಸ್ಕಿಗೆ 2 ಪಿಎಸ್‌ಐ, ಡ್ರಮ್ಮಿಗೆ 10 ಪಿಎಸ್‌ಐ. ಡ್ರಮ್ಮಿಂದು ಡಿಸ್ಕಿಗೆ ಹಾಕಿದ್ರೆ ಪ್ಯಾಡು ಹಿಡ್ಕೊಂಡೇ ಇರತ್ತೆ, ಸುಟ್ಟೋಗತ್ತೆ. ವೈರಿಂಗು 6 ವೋಲ್ಟಿಂದ 12ಕ್ಕೆ ಬದಲಾಗಿರತ್ತೆ, ಫ್ಯೂಸ್ ಬಾಕ್ಸ್ ಹೊಸದು. ನನ್ನ ಕೇಳಿದ್ರೆ ಗಾಡಿ ಕಟ್ಟಿದವನು ಎಂಥವನು ಅನ್ನೋದು ಈ ಲೈನು, ವೈರು ಎಷ್ಟು ನೀಟಾಗಿ ಎಳೆದಿದಾನೆ ಅನ್ನೋದ್ರಲ್ಲಿ ಗೊತ್ತಾಗತ್ತೆ, ಪೇಂಟಿನಲ್ಲಲ್ಲ.

ಪ್ರಶ್ನೆ (ಮಂಗಳೂರು): ನಮ್ಮ ಮಾವನ ಪದ್ಮಿನಿ ಕಾರು ಇದೆ. ಟಾಪ್ ಕತ್ತರಿಸಿ ಕನ್ವರ್ಟಿಬಲ್ ಮಾಡಿಸಿದ್ರೆ ಬೀಚ್ ರೋಡಿಗೆ ಚಂದ ಅಲ್ವಾ?

ಉತ್ತರ: ದಯವಿಟ್ಟು ಬೇಡ. 1932ರ ರೋಡ್‌ಸ್ಟರ್ ಫ್ಯಾಕ್ಟರಿಯಿಂದಾನೇ ಟಾಪ್ ತೆಗೆಯೋ ಹಾಗೆ ಬಂದದ್ದು, ಕೆಳಗೆ ಬೇರೆ ಫ್ರೇಮ್ ಇದೆ, ಭಾರ ಹೊರೋದು ಆ ಫ್ರೇಮು. ಪದ್ಮಿನೀಲಿ ಬೇರೆ ಫ್ರೇಮೇ ಇಲ್ಲ, ಮೋನೋಕಾಕ್, ಅಂದ್ರೆ ನೆಲ, ಕಂಬ, ಟಾಪು ಎಲ್ಲ ಒಟ್ಟಿಗೆ ಸೇರಿ ಭಾರ ಹೊರತ್ತೆ, ಅಂಬಾಸಿಡರ್ ಕೂಡ ಹಾಗೇ. ಟಾಪ್ ಕತ್ತರಿಸಿದ ದಿನಾನೇ ಬಾಡಿ ಮಧ್ಯದಲ್ಲಿ ಬಗ್ಗೋಕೆ ಶುರುವಾಗತ್ತೆ, ಬಾಗ್ಲು ಹಾಕೋಕಾಗಲ್ಲ, ಗುಂಡಿಗೆ ಬಿದ್ರೆ ವಿಂಡ್‌ಶೀಲ್ಡ್ ಸೀಳತ್ತೆ, ಪಕ್ಕದಿಂದ ಯಾರಾದ್ರೂ ಗುದ್ದಿದ್ರೆ ಒಳಗಿರೋವ್ರ ಗತಿ ಹೇಳೋಕಾಗಲ್ಲ. ಕಂಪನಿಗಳು ಮೋನೋಕಾಕ್ ಕಾರನ್ನ ಕನ್ವರ್ಟಿಬಲ್ ಮಾಡುವಾಗ ನೆಲದಡಿ, ಬಾಗ್ಲ ಕೆಳಗಿನ ಸಿಲ್ಲಿಗೆ, ವಿಂಡ್‌ಶೀಲ್ಡ್ ಕಂಬಕ್ಕೆ ಎಷ್ಟೋ ಉಕ್ಕು ಸೇರಿಸ್ತಾರೆ. ಬೀಚ್ ರೋಡಿಗೆ ಪದ್ಮಿನಿ ಗ್ಲಾಸ್ ಇಳಿಸ್ಕೊಂಡು ಹೋದ್ರೂ ಗಾಳಿ ಬರತ್ತೆ, ಮತ್ತೆ ನಿಮ್ಮ ಮಳೆಗಾಲ ಬೇರೆ ಇದೆ. ಕಾನೂನು ಏನು ಹೇಳತ್ತೆ ಅನ್ನೋದು ಸಕಲೇಶಪುರದವರ ಪ್ರಶ್ನೇಲಿ ಇದೆ, ಓದಿ.

ಪ್ರಶ್ನೆ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ): ಕಟ್ಟಿ ಮುಗಿಸಿರೋ ರೋಡ್‌ಸ್ಟರ್ ಒಂದು ತಗೋಳೋಕೆ ನೋಡ್ತಿದೀನಿ, ಮೋಸ ಹೋಗದೇ ಇರೋಕೆ ಏನು ನೋಡ್ಲಿ?

ಉತ್ತರ: ಕಾಗದ ಮೊದಲು, ಗಾಡಿ ಆಮೇಲೆ. ಟೈಟಲ್‌ನಲ್ಲಿರೋ (ಗಾಡಿ ಯಾರದ್ದು ಅಂತ ಹೇಳೋ ಅಲ್ಲಿನ ಕಾಗದ) ನಂಬರ್ರು ಫ್ರೇಮ್ ಮೇಲೆ ಒತ್ತಿರೋ ನಂಬರ್‌ಗೆ ತಾಳೆ ಆಗ್ಬೇಕು, ಆಗ್ಲಿಲ್ಲ ಅಂದ್ರೆ ಎಷ್ಟೇ ಚಂದ ಇರ್ಲಿ ಎದ್ದು ಬನ್ನಿ. 1932 ಅಂತ ಟೈಟಲ್ ಇದ್ರೂ ಬಾಡಿ 1932ರದ್ದೇ ಆಗಿರ್ಬೇಕಂತಿಲ್ಲ, ಬಹಳಷ್ಟು ಫೈಬರ್‌ಗ್ಲಾಸು, ಇನ್ನು ಒಹಾಯೋದ ಬ್ರೂಕ್‌ವಿಲ್‌ನಂಥ ಕಡೆ ಹೊಸ ಉಕ್ಕಲ್ಲೇ ಒತ್ತಿದ ಬಾಡಿನೂ ಮಾಡ್ತಾರೆ. ಹೊಸ ಬಾಡಿ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಅದ್ರಿಂದ ಒಂದು ಹಳೇ ಗಾಡಿ ಉಳೀತು ಅಂತಾನೇ ನನಗೆ ಖುಷಿ, ಆದ್ರೆ ಹೊಸದಕ್ಕೆ ಹಳೇದರ ಬೆಲೆ ಕೊಡ್ಬೇಡಿ. ಜೇಬಲ್ಲಿ ಒಂದು ಮ್ಯಾಗ್ನೆಟ್ ಇಟ್ಕೊಂಡು ಹೋಗಿ, ಬಟ್ಟೆ ಸುತ್ತಿ ಬಾಗ್ಲ ಕೆಳಗೆ, ಹಿಂದಿನ ಮೂಲೆಗಳಲ್ಲಿ ಇಟ್ಟು ನೋಡಿ, ಹಿಡೀಲಿಲ್ಲ ಅಂದ್ರೆ ಫೈಬರ್ರು ಇಲ್ಲಾ ದಪ್ಪ ಪುಟ್ಟಿ. ಈಗಷ್ಟೇ ಕಟ್ಟಿದ ಗಾಡಿ ಆದ್ರೆ ನಿಮ್ಮ ರಾಜ್ಯದ ಎಸ್‌ಬಿ 100 ಕಾನೂನಿನ ಕೆಳಗೆ ರಿಜಿಸ್ಟರ್ ಆಗಿದೆಯಾ ಕೇಳಿ, ಸ್ವಂತ ಕಟ್ಟಿದ ಗಾಡಿಗಳಿಗೆ ವರ್ಷಕ್ಕೆ 500ಕ್ಕೆ ಮಾತ್ರ ಆ ಅನುಕೂಲ ಇದೆ, ಹೊಗೆ ಪರೀಕ್ಷೆಗೆ ಯಾವ ವರ್ಷದ ಲೆಕ್ಕ ಅನ್ನೋದು ಅದ್ರಿಂದಾನೇ ತೀರ್ಮಾನ ಆಗತ್ತೆ. ಇನ್ನೊಂದು, ರೋಡ್‌ಸ್ಟರ್‌ಗೆ ಏರಿಸೋ ಗ್ಲಾಸ್ ಇರಲ್ಲ, ಮಳೆ ಬಂದ್ರೆ ಬಟ್ಟೆ ಪರದೆ ಸಿಗಿಸ್ಬೇಕು, ಅದು ಬೇಡ ಅಂದ್ರೆ ಏರಿಳಿಸೋ ಗ್ಲಾಸ್ ಇರೋ ಕ್ಯಾಬ್ರಿಯೋಲೆ ಹುಡುಕಿ.

ಪ್ರಶ್ನೆ (ಸಕಲೇಶಪುರ): ನಮ್ಮ ತೋಟದ ಶೆಡ್‌ನಲ್ಲಿ ತಾತನ ಕಾಲದ 1936ರ ಫೋರ್ಡ್ ವಿ8 ಓಪನ್ ಕಾರು ನಿಂತಿದೆ, ಓಡಿ ಎಷ್ಟೋ ವರ್ಷ ಆಯ್ತು. ಬೆಂಗಳೂರಲ್ಲಿರೋ ನಮ್ಮಣ್ಣನ ಮಗ ನಿಮ್ಮ ಫೋಟೋ ನೋಡಿ "ಚಿಕ್ಕಪ್ಪ, ಇದಕ್ಕೆ ಜೀಪಿನ ಡೀಸೆಲ್ ಇಂಜಿನ್ ಹಾಕಿ ಹಿಂಗೇ ಮಾಡೋಣ" ಅಂತ ಹಠ ಹಿಡಿದಿದಾನೆ. ಮಾಡ್ಬಹುದಾ?

ಉತ್ತರ: ಹುಡುಗನಿಗೆ ಆಸೆ ಬಂದಿದೆಯಲ್ಲ, ಅದೇ ಅರ್ಧ ಪುಣ್ಯ, ಬೈಬೇಡಿ. ಆದ್ರೆ ಈ ಗಾಡೀಲಿ ಬೇಡ, ಯಾಕೆ ಅಂತ ಅವನಿಗೂ ಓದಿ ಹೇಳಿ.

ಅಮೆರಿಕಾದಲ್ಲಿ ಈ ಫೋರ್ಡ್‌ಗಳು ಲಕ್ಷಗಟ್ಟಲೆ ತಯಾರಾಗಿದ್ವು, ಹುಡುಗ್ರು ಕತ್ತರಿಸಿದ್ದು ಬಹಳ ಸಲ ಗುಜರಿ ಯಾರ್ಡ್‌ನಲ್ಲಿ ಬಿದ್ದಿದ್ದನ್ನ. ನಮ್ಮಲ್ಲಿ ಕೆನಡಾದ ಫೋರ್ಡ್ ಮೂಲಕ ಬಲಗೈ ಸ್ಟೀರಿಂಗ್ ಗಾಡಿಗಳು ಬಾಂಬೆ, ಮದ್ರಾಸ್, ಕಲ್ಕತ್ತಕ್ಕೆ ಬಂದು ಜೋಡಣೆ ಆಗ್ತಿದ್ವು, ಅಲ್ಲಿಗೆ ಹೋಲಿಸಿದ್ರೆ ಅವೇ ಕಮ್ಮಿ, ಉಳಿದಿರೋದು ಇನ್ನೂ ಕಮ್ಮಿ. ಪೂರ್ತಿಯಾಗಿ ನಿಂತಿರೋ ಒಂದನ್ನ ಕತ್ತರಿಸಿದ್ರೆ ವಾಪಸ್ ತರೋಕಾಗಲ್ಲ. ಒಳ್ಳೇ ರಾಡ್ ಕಟ್ಟೋವ್ರೂ ಇವತ್ತು ಪೂರ್ತಿ ಇರೋ ಗಾಡಿಗೆ ಗರಗಸ ಇಡಲ್ಲ, ಹೊಸ ಬಾಡಿ ಹೊಸ ಫ್ರೇಮ್ ತಂದು ಕಟ್ತಾರೆ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ, ಸುಪ್ರೀಂ ಕೋರ್ಟ್ 2019ರ ಜನವರೀಲಿ ಇದನ್ನ ಗಟ್ಟಿಯಾಗೇ ಹೇಳ್ತು. ಮಾಡಿದ್ರೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಕೂಡ ಆಗ್ಬಹುದು. ಮೇಲಾಗಿ 2021ರಲ್ಲಿ ವಿಂಟೇಜ್ ವಾಹನಗಳಿಗೇ ಅಂತ ಬೇರೆ ನಿಯಮ ಬಂದಿದೆ, 50 ವರ್ಷ ದಾಟಿದ ಗಾಡಿಗೆ ನಂಬರಿನಲ್ಲಿ 'ವಿಎ' ಅನ್ನೋ ಅಕ್ಷರ ಸಿಗತ್ತೆ, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಬರತ್ತೆ, ಮತ್ತೆ ಮಾಡ್ಸೋಕೆ 5000. ಆದ್ರೆ ಷರತ್ತು ಏನಂದ್ರೆ ಗಾಡಿ ಮೂಲ ರೂಪದಲ್ಲಿರ್ಬೇಕು, ಚಾಸಿಸ್ಸು, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಗಿರ್ಬಾರ್ದು. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥದ್ದಕ್ಕೆ ಓಡಿಸ್ಬಹುದು, ದಿನಾ ಓಡಾಟಕ್ಕಿಲ್ಲ. ಅಂದ್ರೆ ಡೀಸೆಲ್ ಇಂಜಿನ್ ಇಟ್ಟ ದಿನಾನೇ ನಿಮ್ಮ ತಾತನ ಕಾರು ಆ ನಿಯಮದಿಂದ ಆಚೆ ಬೀಳತ್ತೆ, ಈ ಕಡೆ ವಿಂಟೇಜೂ ಅಲ್ಲ, ಆ ಕಡೆ ರೋಡಿಗೆ ಇಳಿಸೋ ರಾಡೂ ಅಲ್ಲ.

ಮತ್ತೆ ನಿಮ್ಮ ಗಾಡೀಲಿ ಈಗಿರೋ ಇಂಜಿನ್ನು ಬೇರೆ ಯಾವುದೋ ಅಲ್ಲ, ಮೇಲೆ ಹೇಳಿದ ಅದೇ 221 ಕ್ಯೂಬಿಕ್ ಇಂಚಿನ ಫ್ಲಾಟ್‌ಹೆಡ್ಡು, 1936ರ ಹೊತ್ತಿಗೆ 85 ಹಾರ್ಸ್‌ಪವರ್. ಕ್ಯಾಲಿಫೋರ್ನಿಯಾದ ಹುಡುಗ್ರು ಹುಡುಕ್ಕೊಂಡು ಹೋಗ್ತಿದ್ದ ಇಂಜಿನ್ನು ನಿಮ್ಮ ಶೆಡ್‌ನಲ್ಲಿದೆ ಅಂತ ಹುಡುಗನಿಗೆ ಹೇಳಿ. ರಾಡ್‌ನವರ ಪುಣ್ಯದಿಂದಾನೇ ಇದರ ಗ್ಯಾಸ್ಕೆಟ್ಟು, ಪಿಸ್ಟನ್ನು, ವಾಟರ್ ಪಂಪು ಇವತ್ತಿಗೂ ಅಮೆರಿಕಾದಲ್ಲಿ ಹೊಸದಾಗೇ ಸಿಗತ್ತೆ.

ಹುಡುಗ ಬಂದಾಗ ಇಷ್ಟು ಮಾಡ್ಸಿ. ಮೊದಲು ತೊಳೀದೇ, ಏನೂ ಬಿಚ್ಚದೇ ಎಲ್ಲಾ ಕಡೆಯಿಂದ ಫೋಟೋ ತೆಗೀಲಿ. ಹಳೇ ಆರ್‌ಸಿ, ಟ್ಯಾಕ್ಸ್ ರಸೀದಿ, ಇನ್ಶೂರೆನ್ಸ್ ಕಾಗದ ಮನೇಲಿ ಎಲ್ಲಿದ್ರೂ ಹುಡುಕಿ, ನೋಂದಣಿಗೆ ಅದೇ ಆಧಾರ. ಟ್ಯಾಂಕ್‌ನಲ್ಲಿರೋ ಹಳೇ ಪೆಟ್ರೋಲ್ ಇಳಿಸಿ, ಬ್ಯಾಟರಿ ಕನೆಕ್ಷನ್ ತೆಗೀರಿ. ಎಂಟೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರ್‌ಗೂ ಸ್ವಲ್ಪ ತೆಳು ಆಯಿಲ್ ಬಿಟ್ಟು ಕೆಲವು ದಿನ ಹಾಗೇ ಇರ್ಲಿ, ಆಮೇಲೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಮುಂದಿನಿಂದ ಹ್ಯಾಂಡಲ್ ಹಾಕಿ ಕೈಯಲ್ಲೇ ನಿಧಾನಕ್ಕೆ ತಿರುಗಿಸಿ. ತಿರುಗಿದ್ರೆ ಬರೀರಿ, ಮುಂದಿಂದು ಹೇಳ್ತೀನಿ. ತಿರುಗ್ಲಿಲ್ಲ ಅಂದ್ರೆ ಬಲ ಹಾಕ್ಬೇಡಿ, ಜೀಪಿಗೆ ಹಗ್ಗ ಕಟ್ಟಿ ಎಳೆಯೋದಂತೂ ಬೇಡವೇ ಬೇಡ, ಇನ್ನಷ್ಟು ಆಯಿಲ್ ಬಿಟ್ಟು ಕಾಯಿರಿ.